ಗೇಟುಗಳಲ್ಲಿ ನಿಲ್ಲುತ್ತಿದ್ದ ಕಾರು

“ಬಸ್ಸಲ್ಲಿ ಕೂತ್ಕೊಂಡ್ರೆ ರಸ್ತೆ ನಮ್ಮ ಕಾಲಡಿಗಿರ್ತದೆ ಕಣಪ್ಪ. ಎದುರಿಗೆ ಬರೋನ ನೆತ್ತಿ ಕಾಣ್ತದೆ. ಅವನು ಎತ್ಲಾಗೆ ತಿರುಗ್ತಾನೆ ಅಂತ ಅವನಿಗಿಂತ ಮೊದ್ಲು ನಮಗೇ ಗೊತ್ತಾಗ್ತದೆ. ಇದ್ರಲ್ಲಿ ಕೂತ್ರೆ ನೆಲದ ಮೇಲೆ ಚಾಪೆ ಹಾಸ್ಕೊಂಡು ಕೂತಂಗೆ. ಟೊಮೇಟೊ ಲಾರಿ ಪಕ್ಕಕ್ಕೆ ಬಂದ್ರೆ ಅದ್ರ ಚಕ್ರ ನನ್ನ ಕಿವಿ ಹತ್ರ ತಿರುಗ್ತದೆ. ಸ್ಟೇರಿಂಗ್ ಅಂತೀರಾ, ಕಿರುಬೆರಳಲ್ಲಿ ತಿರುಗ್ತದೆ. ಬಸ್ಸಿನ ಸ್ಟೇರಿಂಗ್ ತಿರುಗ್ಸಿ ತಿರುಗ್ಸಿ ನನ್ನ ಭುಜ ಹಿಂಗಾಗಿರೋದು. ಆ ಜೋರಲ್ಲಿ ಇದನ್ನ ತಿರುಗ್ಸಿದ್ರೆ ಸೀದಾ ಹೊಲದೊಳಗಿರ್ತೀವಿ. ಮೊದಲ್ನೇ ದಿನ ಹಂಗೇ ಆಗಿತ್ತು, ಶೋರೂಮಿನೋನು ‘ಅಂಕಲ್ ಅಂಕಲ್’ ಅಂತ ಬಾಯಿ ಬಡ್ಕೊಂಡ. ಇಂಜಿನ್ನಂತೂ ಸದ್ದೇ ಮಾಡಲ್ಲ. ಸದ್ದು ಕೇಳಿ ಗೇರ್ ಹಾಕೋನು ನಾನು. ಇದು ಉಸಿರಾಡ್ತಾ ಐತೋ ನಿದ್ದೆ ಮಾಡ್ತೈತೋ ಅಂತ ಬಗ್ಗಿ ಕೇಳ್ಬೇಕು. ಹಾರನ್ನು ಮೇಕೆಮರಿ ಅತ್ತಂಗೆ. ಬೆಲ್ಟ್ ಹಾಕ್ದೆ ಇದ್ರೆ ಹಾಕೋವರ್ಗೂ ಗೊಣಗ್ತದೆ. ಹಿಂದಕ್ಕೆ ತೆಗೀಬೇಕಾದ್ರೆ ಟಿವಿ ತೋರಿಸ್ತದೆ, ಕಂಡಕ್ಟರ್ ಇಳಿದು ‘ಬಾ ಬಾ’ ಅನ್ನೋದು ಬೇಡ. ಎಲ್ಲಾ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಬಾಗ್ಲು ಹಾಕಿದ್ರೆ ಊರಿನ ಸದ್ದೇ ಒಳಕ್ಕೆ ಬರಲ್ಲ. ಬೆನ್ನಿಂದೆ ಜನ ಇಲ್ದೆ ಗಾಡಿ ಓಡ್ಸಿ ನಂಗೆ ರೂಢಿ ಇಲ್ಲಪ್ಪ. ಬೆನ್ನು ತಣ್ಣಗಾದಂಗಾಗ್ತದೆ.”

ವಕ್ಕಲೇರಿಯ ಟೀ ಅಂಗಡಿಯ ಮುಂದೆ ನಿಂತು ಗಂಗುಲಪ್ಪ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವನ ಕೈಯ ಟೀ ಆರಿಹೋಗಿತ್ತು. ಕೇಳುತ್ತಿದ್ದವರೆಲ್ಲ ನಕ್ಕರು. ಕಾರಿನ ಮುಂದಿನ ಸೀಟಿನಲ್ಲಿ ಗಾಜು ಇಳಿಸಿಕೊಂಡು ಕೂತಿದ್ದ ಅವನ ಹೆಂಡತಿ ಭಾರತಮ್ಮ ನಗಲಿಲ್ಲ. ಕಡೆಯ ಮಾತು ಆಕೆಗೆ ಹೊಸದು. ಬೆನ್ನು ತಣ್ಣಗಾಗುವ ವಿಷಯವನ್ನು ಅವನು ಮನೆಯಲ್ಲಿ ಆಡಿರಲಿಲ್ಲ.

ಗಂಗುಲಪ್ಪ ಮುಳಬಾಗಿಲು ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ಲಾರಿ ಕ್ಲೀನರಾಗಿ ಸೇರಿ, ಶ್ರೀನಿವಾಸಪುರದ ಮಂಡಿಗಳಿಂದ ಹೊರಟ ಮಾವಿನ ಲೋಡಿನ ಮೇಲೆ ಮಲಗಿ ಊರೂರು ತಿರುಗಿದವನು. ಆಮೇಲೆ ಲೈಸೆನ್ಸು ಮಾಡಿಸಿಕೊಂಡ, ಸರ್ಕಾರಿ ಬಸ್ಸಿನ ಕೆಲಸ ಸಿಕ್ಕಿತು, ಭಾರತಮ್ಮನನ್ನು ಮದುವೆಯಾಗಿ ಆಕೆಯ ಊರಾದ ವಕ್ಕಲೇರಿಯಲ್ಲೇ ಮನೆ ಕಟ್ಟಿಕೊಂಡು ನಿಂತ. ಕೆಲಸದ ಬಹುಪಾಲು ವರ್ಷ ಅವನು ಓಡಿಸಿದ್ದು ಒಂದೇ ದಾರಿ. ಟೇಕಲ್‌ನಿಂದ ವಕ್ಕಲೇರಿ, ವಕ್ಕಲೇರಿಯಿಂದ ಕೋಲಾರ, ಮತ್ತೆ ತಿರುಗಿ ಟೇಕಲ್.

ಆ ದಾರಿಯುದ್ದಕ್ಕೂ ಗೇಟುಗಳು. ಒಳಗಿನ ಹಳ್ಳಿಯ ರಸ್ತೆ ದೊಡ್ಡ ರಸ್ತೆಗೆ ಬಂದು ಕೂಡುವ ಜಾಗಕ್ಕೆ ಈ ಕಡೆ ಗೇಟು ಎನ್ನುತ್ತಾರೆ. ಅಲ್ಲಿ ಒಂದು ಹುಣಸೆಮರ, ಒಂದು ಸಿಮೆಂಟು ಕಟ್ಟೆ, ಬಸ್ಸಿಗೆ ಕಾಯುವ ನಾಲ್ಕು ಜನ. ಗಂಗುಲಪ್ಪನ ಬಸ್ಸು ಗೇಟಿನಲ್ಲಿ ನಿಲ್ಲದೆ ಹೋಯಿತು ಎಂದು ಯಾರೂ ದೂರಿದ್ದಿಲ್ಲ. ಮೆಟ್ಟಿಲ ಮೇಲೆ ಜನ ನೇತಾಡುತ್ತಿದ್ದರೂ ಅವನು ನಿಲ್ಲಿಸುತ್ತಿದ್ದ. ಬದುವಿನ ಮೇಲೆ ಯಾರೋ ಬುಟ್ಟಿ ಹೊತ್ತು ಓಡಿಬರುವುದು ಕಂಡರೆ ಕಾಯುತ್ತಿದ್ದ. ಕಂಡಕ್ಟರು ಸಿಡುಕಿದರೆ, “ಬರ್ಲಿ ಇರಯ್ಯ, ಮುಂದಿನ ಬಸ್ಸು ಅವರಪ್ಪಂದಾ?” ಎನ್ನುತ್ತಿದ್ದ.

ಭಾರತಮ್ಮನೂ ಆ ಬಸ್ಸಿನಲ್ಲಿ ಎಷ್ಟೋ ಸಲ ಕೋಲಾರಕ್ಕೆ ಹೋಗಿದ್ದಳು. ಡ್ರೈವರ್ ಜೊತೆ ಮಾತನಾಡಬಾರದು ಎಂದು ಅವನ ತಲೆಯ ಮೇಲೆ ಬರೆದ ಬೋರ್ಡಿತ್ತು. ಆಕೆ ಓದಿದ್ದು ಕಮ್ಮಿ, ಆದರೆ ಆ ಬೋರ್ಡನ್ನು ಪಾಲಿಸಿದಷ್ಟು ಬೇರಾರೂ ಪಾಲಿಸಿರಲಾರರು. ಸ್ಟೇರಿಂಗ್ ಹಿಡಿದ ಗಂಡನಿಗೆ ಆಕೆ ಒಂದು ಮಾತೂ ಆಡಿದವಳಲ್ಲ.

ರಿಟೈರ್ ಆದ ಮೇಲೆ ಅವನಿಗೆ ದಿನ ಹೋಗುವುದೇ ಕಷ್ಟವಾಯಿತು. ಬೆಳಗಾಗುತ್ತಲೇ ಮಿಂದು, ತಲೆ ಬಾಚಿ, ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ತಾನು ಓಡಿಸುತ್ತಿದ್ದ ಬಸ್ಸು ಬಂದು ಹೋದ ಮೇಲೆ “ಇವತ್ತೂ ಲೇಟು” ಎಂದು ಗೊಣಗಿಕೊಂಡು ಮನೆಗೆ ಬರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಯಾರೊಂದಿಗೂ ಹೆಚ್ಚು ಮಾತಿಲ್ಲ.

ಭಾರತಮ್ಮನ ಕಾಯಿಲೆ ಗೊತ್ತಾಗಿದ್ದೂ ಆಗಲೇ. ಮೊದಲು ಶುಗರ್ ಎಂದರು, ಆಮೇಲೆ ಎರಡು ಕಿಡ್ನಿಯೂ ಹೋಗಿವೆ ಎಂದರು. ವಾರಕ್ಕೆರಡು ಸಲ ಕೋಲಾರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮೈಯ ರಕ್ತವೆಲ್ಲ ಮಿಷನ್ನಿಗೆ ಹೋಗಿ, ತೊಳೆದುಕೊಂಡು ವಾಪಸ್ಸು ಬರಬೇಕು. ಅದಕ್ಕೆಂದು ಎಡಗೈಯ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದರು. ಆ ಕೈಯಲ್ಲಿ ಭಾರ ಎತ್ತಬಾರದು, ಆ ಕೈಗೆ ಬಳೆ ಹಾಕಬಾರದು ಎಂದು ಹೇಳಿ ಕಳಿಸಿದರು.

ಭಾರ ಎತ್ತದೆ ಇರಬಹುದು. ಬಳೆ ತೆಗೆಯುವುದು ಆಕೆಗೆ ಅಷ್ಟು ಸುಲಭವಾಗಿರಲಿಲ್ಲ. ಆ ಬೀದಿಯಲ್ಲಿ ಮದುವೆ ಎಂದರೆ ಅರಿಶಿನ ಕುಟ್ಟಲು ಮೊದಲ ಒನಕೆ ಹಿಡಿಯುತ್ತಿದ್ದುದು ಭಾರತಮ್ಮ. ಗಂಡ ಗಟ್ಟಿಯಾಗಿದ್ದಾನೆ, ಮಗಳನ್ನು ಒಳ್ಳೆಯ ಕಡೆ ಕೊಟ್ಟಿದ್ದಾಳೆ, ಆಕೆಯ ಕೈ ತಗುಲಿದರೆ ಒಳ್ಳೆಯದಾಗುತ್ತದೆ ಎಂದು ಕರೆಯುತ್ತಿದ್ದರು. ಮುತ್ತೈದೆಯ ಒಂದು ಕೈ ಬೋಳಾಗಿದೆ, ಮೈಯ ರಕ್ತ ಮಿಷನ್ನಿನಲ್ಲಿ ಓಡಾಡುತ್ತದೆ ಎಂದು ಗೊತ್ತಾದರೆ ಆಮೇಲೆ ಯಾರು ಕರೆಯುತ್ತಾರೆ? ಎಡಗೈಯ ಮೇಲೆ ಸೆರಗು ಹೊದ್ದುಕೊಂಡು, ಕೇಳಿದವರಿಗೆಲ್ಲ “ಶುಗರ್ ಕಣಮ್ಮ, ಇಂಜೆಕ್ಷನ್‌ಗೆ ಹೋಗ್ತೀನಿ” ಎಂದಳು. ಯಾರಿಗೂ ಹೇಳಬೇಡಿ ಎಂದು ಗಂಡನಿಂದ ಕೈಮೇಲೆ ಕೈ ಹಾಕಿಸಿಕೊಂಡಳು.

ಮೊದಮೊದಲು ಬಸ್ಸಿನಲ್ಲೇ ಹೋಗಿಬಂದರು. ಬರುವಾಗ ಮೈಯನ್ನು ಹಿಂಡಿ ಹಾಕಿದಂತಿರುತ್ತಿತ್ತು. ಒಂದು ದಿನ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿದಳು. ಮಾಲೂರಿನಲ್ಲಿದ್ದ ಮಗಳು ಸುನಂದ ಓಡಿಬಂದು ಅಪ್ಪನ ಮುಂದೆ ಕೂತಳು.

“ಅಪ್ಪಾ, ಊರೋರನ್ನೆಲ್ಲ ಕೂರಿಸ್ಕೊಂಡು ಓಡಿಸ್ದೆ. ಇನ್ನು ಅಮ್ಮನ್ನ ಕೂರಿಸ್ಕೊಂಡು ಓಡ್ಸು. ಒಂದು ಸಣ್ಣ ಕಾರು ತಗೊಳ್ಳಣ.”

“ಈ ವಯಸ್ಸಲ್ಲಿ ಕಾರಾ?”

“ಡ್ರೈವರ್‌ಗೇನಪ್ಪ ವಯಸ್ಸು? ಬೇಡ ಅಂದ್ರೆ ಹೇಳು, ನಮ್ಮನೆಯೋರು ಕಲ್ತು ಓಡಿಸ್ತಾರೆ.”

ಅಳಿಯ ಓಡಿಸುತ್ತಾನೆ ಎಂದಿದ್ದಕ್ಕೆ ಗಂಗುಲಪ್ಪ ಎದ್ದು ಅಂಗಿ ಹಾಕಿಕೊಂಡ.

ಬಣ್ಣ ಕೆಂಪೇ ಬೇಕೆಂದ. ಗೇರ್ ಇಲ್ಲದ ಕಾರು ತೋರಿಸಿದರೆ, “ಎಡಗಾಲಿಗೆ ಕೆಲಸ ಇಲ್ದೆ ನಾನೇನ್ಮಾಡ್ಲಿ?” ಎಂದ. ಶೋರೂಮಿನಲ್ಲಿ ಕೇಕು ಕತ್ತರಿಸಿದರು, ರಟ್ಟಿನ ದೊಡ್ಡ ಬೀಗದಕೈ ಕೊಟ್ಟು ಫೋಟೊ ತೆಗೆದರು. ಫೋಟೊದಲ್ಲಿ ಭಾರತಮ್ಮ ಎಡಗೈಯನ್ನು ಮಗಳ ಬೆನ್ನ ಹಿಂದೆ ಇಟ್ಟುಕೊಂಡಳು. ಅಲ್ಲಿಂದ ಕುರುಡುಮಲೆಗೆ ಹೋಗಿ ಗಣಪತಿಯ ಮುಂದೆ ಗಾಡಿ ನಿಲ್ಲಿಸಿ, ಚಕ್ರಗಳ ಅಡಿಗೆ ನಿಂಬೆಹಣ್ಣಿಟ್ಟು ಹತ್ತಿಸಿದರು. ವಾಪಸ್ಸು ಬರುವಾಗ ಭಾರತಮ್ಮ ಮೊದಲ ಸಲ ಗಂಡನ ಪಕ್ಕದಲ್ಲಿ ಕೂತು ಬಂದಳು. ಸೀಟು ಮೆತ್ತಗಿತ್ತು, ಹೊಸ ಪ್ಲಾಸ್ಟಿಕ್ಕಿನ ವಾಸನೆ ಇತ್ತು, ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು. ಮಾತನಾಡಲು ಈಗ ಯಾವ ಬೋರ್ಡೂ ಅಡ್ಡವಿರಲಿಲ್ಲ. ಆದರೂ ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಆಕೆಯೂ ಬಾಯಿ ಬಿಡಲಿಲ್ಲ. ಹಾಗೇ ಅಭ್ಯಾಸವಾಗಿಹೋಗಿತ್ತು.

ಕಾರಿನಲ್ಲಿ ಆಸ್ಪತ್ರೆಗೆ ಹೊರಟ ಮೊದಲ ಬೆಳಿಗ್ಗೆ ಒಂದು ಗೇಟಿನ ಹುಣಸೆಮರದಡಿ ಚಿಕ್ಕಗಂಗಮ್ಮ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಕೋಲಾರಕ್ಕೆ ಸೊಪ್ಪು ಮಾರಲು ಹೋಗುವ ಮುದುಕಿ, ಗಂಗುಲಪ್ಪನ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವಳು. ಗಂಗುಲಪ್ಪನ ಕೈ ತನ್ನಷ್ಟಕ್ಕೆ ಇಂಡಿಕೇಟರಿಗೆ ಹೋಯಿತು. ಕಾರು ಮಣ್ಣಿಗಿಳಿದು, ಹಿಂದಿನ ಬಾಗಿಲು ಸರಿಯಾಗಿ ಮುದುಕಿಯ ಮುಂದೆ ಬರುವಂತೆ ನಿಂತಿತು.

ಮುದುಕಿ ಬಗ್ಗಿ ಒಳಗೆ ನೋಡಿದಳು. “ಯಾರಪ್ಪ? ಓ, ಗಂಗುಲು! ಏಮಿರಾ, ನಿನ್ನ ಬಸ್ಸು ಇಷ್ಟು ಬತ್ತಿಹೋಗೈತೆ?”

“ಮೇವು ಹಾಕಿಲ್ಲ ಗಂಗಕ್ಕ, ಬೆಳೀತದೆ. ಹತ್ತು.”

ಚಿಕ್ಕಗಂಗಮ್ಮ ಸೊಪ್ಪಿನ ಗಂಟು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಸೀಟಿಗೆ ಹಾಕಿದ್ದ ಪ್ಲಾಸ್ಟಿಕ್ಕು ಸರಸರ ಎಂದಿತು. ಕೂತವಳು ಸೊಂಟದ ಚೀಲ ಬಿಚ್ಚಿ ಕಾರ್ಡೊಂದನ್ನು ಮುಂದಕ್ಕೆ ಚಾಚಿದಳು. “ತಗೋ, ಆಧಾರು. ಹೆಂಗಸ್ರಿಗೆ ಫ್ರೀ ಅಲ್ವೇನ್ಲಾ?”

ಗಂಗುಲಪ್ಪ ನಕ್ಕ. ರಿಟೈರ್ ಆದಂದಿನಿಂದ ಅವನು ಹಾಗೆ ಗಂಟಲು ಬಿಟ್ಟು ನಕ್ಕಿದ್ದನ್ನು ಭಾರತಮ್ಮ ಕೇಳಿರಲಿಲ್ಲ. ಕಾರು ರಸ್ತೆಗೆ ಏರಿದಾಗ ಅವನ ಬೆನ್ನು ನೆಟ್ಟಗಾಗಿತ್ತು, ಭುಜ ಮೇಲಕ್ಕೆ ಬಂದಿತ್ತು. ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಂಡು ಓಡಿಸಿದ. ಆ ದಿನ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

ಅಲ್ಲಿಂದ ಅದೇ ನಡೆಯಿತು. ಸೋಮವಾರ, ಗುರುವಾರ ಬೆಳಿಗ್ಗೆ ಗಂಗುಲಪ್ಪನ ಕೆಂಪು ಕಾರು ಬರುತ್ತದೆ ಎಂದು ಗೇಟುಗಳಿಗೆ ಗೊತ್ತಾಯಿತು. ಒಂದು ಕಡೆ ಸೊಪ್ಪಿನವರು, ಇನ್ನೊಂದು ಕಡೆ ಬ್ಯಾಂಕಿಗೆ ಹೋಗುವವರು, ಮತ್ತೊಂದು ಕಡೆ ಕೂಸನ್ನು ತೋರಿಸಲು ಹೊರಟ ಬಾಣಂತಿ. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವರು. ಸೀಟಿನ ಪ್ಲಾಸ್ಟಿಕ್ಕು ಹರಿಯಿತು, ಕಾರಿನ ತುಂಬ ಕೊತ್ತಂಬರಿ ವಾಸನೆ. ಯಾರಿಂದಲೂ ಗಂಗುಲಪ್ಪ ಏನೂ ಮುಟ್ಟಲಿಲ್ಲ. ಅವನಿಗೆ ಬೇಕಾಗಿದ್ದುದು ಬೆನ್ನ ಹಿಂದಿನ ಆ ಗಲಾಟೆ.

ಆದರೆ ಆಸ್ಪತ್ರೆಯಲ್ಲಿ ಮಿಷನ್ನುಗಳು ಕಡಿಮೆ, ಕಾಯುವವರು ಹೆಚ್ಚು. ಬೆಳಗಿನ ಪಾಳಿಯವರು ಎದ್ದ ಕೂಡಲೇ ಮಧ್ಯಾಹ್ನದವರು ಮಲಗಬೇಕು. ತಡವಾಗಿ ಬಂದವರಿಗೆ ಕೊನೆಯಲ್ಲಿ ಹೊತ್ತು ಸೇರಿಸಿ ಕೊಡಲು ಆಗುವುದಿಲ್ಲ. ನರ್ಸ್ ಶ್ರೀವಾಣಿ ಸೂಜಿ ಚುಚ್ಚುವಾಗ ಮೆಲ್ಲಗೆ ಹೇಳಿದಳು.

“ಅಮ್ಮಾ, ಇವತ್ತೂ ಲೇಟಾಯ್ತು. ಪೂರ್ತಿ ಮಾಡಕ್ಕಾಗಲ್ಲ, ಬೇಗ ತೆಗೀಬೇಕಾಗ್ತದೆ. ನೀರು ಹಂಗೇ ಉಳ್ಕೊಂಡ್ರೆ ಶ್ವಾಸಕೋಶಕ್ಕೆ ಏರ್ತದೆ. ಸ್ವಲ್ಪ ಬೇಗ ಹೊರಡೋಕೆ ಹೇಳಿ ಅಪ್ಪಾಜಿಗೆ.”

“ಹೇಳ್ತೀನಮ್ಮ” ಎಂದಳು ಭಾರತಮ್ಮ.

ಹೇಳಲಿಲ್ಲ. ಮನೆಯಿಂದ ಬೇಗ ಹೊರಟರೆ ಬೇಗ ಬಂದವರೂ ಹತ್ತುತ್ತಾರೆ, ಅಷ್ಟೇ. ನಿಲ್ಲಿಸಬೇಡಿ ಎನ್ನಬೇಕು. ಎಷ್ಟೋ ಸಲ ಆ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗೇಟು ಬರುತ್ತಿತ್ತು, ಅವನ ಮುಖ ಅರಳುತ್ತಿತ್ತು, ಆಕೆ ಬಾಯಿ ಮುಚ್ಚುತ್ತಿದ್ದಳು. ತನಗೆ ಮಿಷನ್ನು ಇರುವ ಹಾಗೆ ಈತನಿಗೆ ಈ ಗೇಟುಗಳು, ಇವನ್ನು ಕಿತ್ತುಕೊಂಡರೆ ಮತ್ತೆ ರಸ್ತೆಯಲ್ಲಿ ನಿಂತು ಬೇರೆಯವರ ಬಸ್ಸು ನೋಡುವ ಮನುಷ್ಯನಾಗುತ್ತಾನೆ ಎಂದು ಆಕೆ ತಿಳಿದಿದ್ದಳು. ಕುಡಿಯುವ ನೀರನ್ನು ಇನ್ನೂ ಕಡಿಮೆ ಮಾಡಿಕೊಂಡಳು. ಬಾಯಾರಿದರೆ ತುಟಿ ಒದ್ದೆ ಮಾಡಿಕೊಂಡು ಸುಮ್ಮನಾದಳು. ಆದರೂ ಪಾದಗಳು ಊದಿದವು, ಮಲಗಿದರೆ ಎದೆಯ ಮೇಲೆ ಕಲ್ಲಿಟ್ಟಂತಾಯಿತು. ಗೋಡೆಗೆ ಒರಗಿ ಕೂತು ನಿದ್ದೆ ಮಾಡುವುದನ್ನು ಕಲಿತಳು. ಗಂಡ ಕೇಳಿದರೆ, “ಸೆಕೆ, ಅದಕ್ಕೆ ಕೂತಿದೀನಿ” ಎನ್ನುತ್ತಿದ್ದಳು.

ಅವರೆಕಾಯಿಯ ಕಾಲ ಬಂತು. ಒಂದು ಸೋಮವಾರ ಎದ್ದಾಗಲೇ ಆಕೆಗೆ ಉಸಿರು ಪೂರಾ ಎಳೆಯಲು ಬರುತ್ತಿರಲಿಲ್ಲ. ಏನೂ ಹೇಳದೆ ಕಾರು ಹತ್ತಿದಳು. ಮಂಜು ಬಿದ್ದಿತ್ತು. ಚಿಕ್ಕಗಂಗಮ್ಮ ಹತ್ತುವ ಹುಣಸೆಮರದ ಗೇಟು ಬಂದಾಗ ಗಂಗುಲಪ್ಪ ಎಂದಿನಂತೆ ನಿಲ್ಲಿಸಿದ. ಮರದಡಿ ಯಾರೂ ಇರಲಿಲ್ಲ. ಒಳಗಿನ ದಾರಿಯಲ್ಲಿ, ಅಷ್ಟು ದೂರದಲ್ಲಿ, ಚಿಕ್ಕಗಂಗಮ್ಮ ಅವರೆಕಾಯಿ ಮೂಟೆ ಹೊತ್ತು ಬರುತ್ತಿದ್ದಳು. ಹಿಂದೆ ಇನ್ನಿಬ್ಬರು ಹೆಂಗಸರು.

“ಇರೋ ಗಂಗುಲು, ಬಂದೇ!” ಮುದುಕಿಯ ಕೂಗು ಮಂಜಿನೊಳಗಿಂದ ಬಂತು.

“ನಿಧಾನಕ್ಕೆ ಬಾ ಗಂಗಕ್ಕ, ಓಡ್ಬೇಡ” ಎಂದು ಗಂಗುಲಪ್ಪ ಗಾಜು ಇಳಿಸಿ ಕೂಗಿದ.

ಭಾರತಮ್ಮ ಬಾಯಿ ತೆರೆದಳು. ಗಾಳಿ ಒಳಗೆ ಹೋಗಲಿಲ್ಲ. ಗಂಟಲೊಳಗೆ ನೀರು ಗೊರಗೊರ ಎಂದ ಹಾಗಾಯಿತು. ಕಣ್ಣ ಮುಂದೆ ಮಂಜು ದಟ್ಟವಾಯಿತು. ಗಂಡನನ್ನು ಕರೆಯಲು ಹೋದರೆ ದನಿಯೇ ಇಲ್ಲ. ಅವನು ಅತ್ತ ತಿರುಗಿ ಬರುವವರನ್ನು ನೋಡುತ್ತಿದ್ದ. ಆಕೆ ಬಲಗೈ ಎತ್ತಿ, ಇದ್ದಷ್ಟೂ ಬಲದಿಂದ ಬಾಗಿಲನ್ನು ಎರಡು ಸಲ ಬಡಿದಳು. ಉಳಿದಿದ್ದ ಉಸಿರಿನಲ್ಲಿ, “ರೈಟ್, ರೈಟ್” ಎಂದಳು.

ಗಂಗುಲಪ್ಪನ ಕಾಲು ಕ್ಲಚ್ ಬಿಟ್ಟಿತು. ಮೂವತ್ತು ವರ್ಷದ ಮೇಲೆ ಕಂಡಕ್ಟರನ ಆ ಎರಡು ಬಡಿತಕ್ಕೆ, ಆ ಮಾತಿಗೆ, ಹಿಂದುಮುಂದು ನೋಡದೆ ಗಾಡಿ ಎತ್ತಿದ ಕಾಲು ಅದು. ಯಾರು ಹೇಳಿದರು, ಯಾಕೆ ಹೇಳಿದರು ಎಂದು ಡ್ರೈವರ್ ಕೇಳುವುದಿಲ್ಲ. ಕಾರು ರಸ್ತೆಗೆ ನೆಗೆಯಿತು. ಹಿಂದೆ “ಏಯ್! ಏಯ್!” ಎಂಬ ಕೂಗು ಕೇಳಿ ಕ್ಷಣದಲ್ಲೇ ಹಿಂದುಳಿಯಿತು.

ಒಂದಷ್ಟು ದೂರ ಹೋದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ಗೊತ್ತಾಯಿತು. “ಏನೇ ನಿಂದು? ಮುದುಕಿ ಮೂಟೆ ಹೊತ್ಕೊಂಡು...” ಎಂದು ತಿರುಗಿದವನು ಆಕೆಯ ತುಟಿ ನೋಡಿದ. ನೇರಳೆಹಣ್ಣು ತಿಂದಂತೆ ಕಪ್ಪಾಗಿದ್ದವು. ಆಕ್ಸಿಲರೇಟರ್ ಅದುಮಿದ. ಆ ಸಣ್ಣ ಕಾರಿಗೆ ಅಷ್ಟು ವೇಗವಿದೆ ಎಂದು ಆವತ್ತೇ ಅವನಿಗೆ ತಿಳಿದದ್ದು. ಗೇಟುಗಳು ಒಂದೊಂದಾಗಿ ಬಂದವು, ಕೈ ಅಡ್ಡ ಹಾಕಿದವರು ಬೆರಗಾಗಿ ನೋಡುತ್ತ ನಿಂತರು.

ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಕೊಟ್ಟು, ಮಿಷನ್ನಿಗೆ ಹಾಕಿದರು. ಡಾಕ್ಟರು ಬಂದು ನೋಡಿ ಹೋದ ಮೇಲೆ ಶ್ರೀವಾಣಿ ಬೆವರು ಒರೆಸಿಕೊಂಡು ಹೇಳಿದಳು. “ಸದ್ಯ, ಇವತ್ತು ಹೊತ್ತಿಗೆ ಬಂದ್ರಿ. ಇವತ್ತು ಪೂರ್ತಿ ನಾಲ್ಕು ಗಂಟೆ ಮಾಡ್ತೀನಿ ಅಮ್ಮಾ.”

ಗಂಗುಲಪ್ಪ ತಲೆ ಎತ್ತಿದ. “ಪೂರ್ತಿ ಅಂದ್ರೆ? ದಿನಾ ಪೂರ್ತಿ ಮಾಡಲ್ವಾ?”

ಶ್ರೀವಾಣಿ ಭಾರತಮ್ಮನ ಮುಖ ನೋಡಿದಳು. ಭಾರತಮ್ಮ ಕಣ್ಣು ಮುಚ್ಚಿಕೊಂಡಳು. ಹುಡುಗಿಗೆ ಸುಳ್ಳು ಬರಲಿಲ್ಲ, ಇದ್ದದ್ದನ್ನು ಹೇಳಿದಳು. ಗಂಗುಲಪ್ಪ ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತ. ಕೊಳವೆಯಲ್ಲಿ ಕೆಂಪಗೆ ಹೋಗುತ್ತಿದ್ದ ರಕ್ತವನ್ನೇ ನೋಡುತ್ತಿದ್ದ. ಹಾಗೇ ನೋಡುತ್ತ ಕೇಳಿದ.

“ನಂಗ್ಯಾಕೆ ಹೇಳ್ಲಿಲ್ಲ?”

“ನಿಮ್ಮ ಮುಖ ನೋಡಿ ಹೇಳಕ್ಕಾಗ್ಲಿಲ್ಲ.”

“ನನ್ನ ಮುಖಕ್ಕೇನಾಗಿತ್ತೇ?”

“ನಗ್ತಿತ್ತು” ಎಂದಳು ಭಾರತಮ್ಮ.

ಅವನು ಎದ್ದು ಹೊರಗೆ ಹೋದ. ಬಂದಾಗ ಕಣ್ಣು ಕೆಂಪಾಗಿದ್ದವು.

ಆ ಗುರುವಾರದಿಂದ ಕಾರು ಯಾವ ಗೇಟಿನಲ್ಲೂ ನಿಲ್ಲಲಿಲ್ಲ. ಗಂಗುಲಪ್ಪ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಗೇಟು ಬಂದಾಗ ಮಾತ್ರ ಅವನ ಬೆರಳು ಇಂಡಿಕೇಟರಿನ ಕಡೆಗೆ ಹೋಗಿ ವಾಪಸ್ಸು ಬರುವುದನ್ನು ಭಾರತಮ್ಮ ಕಾಣುತ್ತಿದ್ದಳು.

ಊರಿನವರಿಗೆ ಇದೆಲ್ಲ ಏನು ಗೊತ್ತು? ಅವರಿಗೆ ಕಂಡದ್ದು ಇಷ್ಟೇ: ಮುದುಕಿ ಕೂಗುತ್ತ ಬರುವುದನ್ನು ನೋಡಿಯೂ ಗಂಗುಲಪ್ಪ ಕಾರು ಬಿಟ್ಟುಕೊಂಡು ಹೋದ. ಟೀ ಅಂಗಡಿಯಲ್ಲಿ ಮಾತಿಗೆ ಬರವಿರಲಿಲ್ಲ.

“ಗಂಗುಲಪ್ಪ ಈಗ ಎಕ್ಸ್‌ಪ್ರೆಸ್ ಕಣಯ್ಯ, ಸ್ಟಾಪಿಲ್ಲ.”

“ಕಾರಿನೋನ ಕುತ್ತಿಗೆ ಅಲ್ವಾ, ಆ ಕಡೆ ಈ ಕಡೆ ತಿರುಗಲ್ಲ.”

“ಪ್ಲಾಸ್ಟಿಕ್ಕು ಹರಿದೋಯ್ತಂತೆ, ಅದಕ್ಕೆ ಬೇಜಾರು.”

ಇದನ್ನೆಲ್ಲ ಕೇಳಿಸಿಕೊಂಡ ಗಂಗುಲಪ್ಪ ಅರ್ಧ ಟೀ ಬಿಟ್ಟು ಮನೆಗೆ ಬಂದ. ಮತ್ತೆ ಆ ಕಡೆ ಹೋಗಲಿಲ್ಲ.

“ಇರೋದನ್ನ ಹೇಳಿಬಿಡಿ ಅವ್ರಿಗೆ” ಎಂದಳು ಭಾರತಮ್ಮ.

“ಏನಂತ ಹೇಳ್ಲಿ? ನಿನ್ನ ಕೈ ಸುದ್ದಿನ ಗೇಟುಗೇಟಲ್ಲಿ ಹಂಚ್ಕೊಂಡು ಬರ್ಲಾ? ಮಾತು ಕೊಟ್ಟಿದೀನಿ. ಅನ್ನೋರು ಅಂದ್ಕೊಳ್ಲಿ ಬಿಡು.”

“ನಿಮ್ಮನ್ನ ಹಿಂಗನ್ನೋದು ನನ್ನ ಕೈಲಿ ಕೇಳಕ್ಕಾಗಲ್ಲ.”

“ನಂಗೂ ಒಂದೊಂದಿನ ಕೇಳಕ್ಕಾಗಲ್ಲ. ಕಿವಿ ಮುಚ್ಕೊಂಡ್ರೆ ಆಯ್ತು.”

ಇಡೀ ದಾರಿಯಲ್ಲಿ ಅವನು ಸಂಪಾದಿಸಿದ್ದು ಒಂದೇ ಹೆಸರು. ಗಂಗುಲಪ್ಪ ನಿಲ್ಲಿಸುತ್ತಾನೆ ಎಂಬ ಹೆಸರು. ಅದು ಹೋಗುತ್ತಿರುವುದನ್ನು ನೋಡಿಕೊಂಡು, ತನ್ನ ಬೋಳುಗೈಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಕೂತಿರಲು ಭಾರತಮ್ಮನಿಂದ ಆಗಲಿಲ್ಲ. ಎಷ್ಟು ದಿನ ಮನಸ್ಸಿನಲ್ಲಿ ಹೊಯ್ದಾಡಿದಳೋ, ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ವಾಪಸ್ಸು ಬರುವಾಗ, ಕೋಲಾರದ ಹೊರಗೆ ರಸ್ತೆ ಬದಿಯ ನೆರಳಲ್ಲಿ ಬರಿಬುಟ್ಟಿ ಇಟ್ಟುಕೊಂಡು ಕೂತಿದ್ದ ಚಿಕ್ಕಗಂಗಮ್ಮನನ್ನು ಕಂಡು ಹೇಳಿದಳು.

“ನಿಲ್ಲಿಸ್ರಿ.”

“ಬೇಡ ಕಣೆ, ಬೈತಾಳೆ.”

“ಬೈಲಿ. ನಿಲ್ಲಿಸ್ರಿ ನೀವು.”

ಕಾರು ನಿಂತಿತು. ಮುದುಕಿ ಮುಖ ಆ ಕಡೆ ತಿರುಗಿಸಿಕೊಂಡಳು.

“ಹತ್ತು ಗಂಗಕ್ಕ” ಎಂದ ಗಂಗುಲಪ್ಪ.

“ನಿನ್ನ ಕಾರು ನೀನೇ ಇಟ್ಕೊಳಪ್ಪ. ನಂಗೆ ಬಸ್ಸೈತೆ. ಅವತ್ತು ಮೂಟೆ ಹೊತ್ಕೊಂಡು ಓಡಿ ಬಂದು ಬಿದ್ದು ಮೊಣಕಾಲು ತರಚ್ಕೊಂಡೆ. ನಾಯಿ ಅಡ್ಡ ಬಂದ್ರೂ ಬ್ರೇಕ್ ಹಾಕ್ತಾರೆ.”

ಗಂಗುಲಪ್ಪ ಸ್ಟೇರಿಂಗ್ ನೋಡುತ್ತ ಕೂತ. ಭಾರತಮ್ಮ ಬಾಗಿಲು ತೆಗೆದಳು. ಬಾಗಿಲು ಹಿಡಿದು ಇಳಿದು, ಎರಡು ಹೆಜ್ಜೆ ಹಾಕಿ, ಮುದುಕಿಯ ಪಕ್ಕ ಕಲ್ಲಿನ ಮೇಲೆ ಕೂತಳು. ಸೆರಗು ಸರಿಸಿ ಎಡಗೈಯನ್ನು ಆಕೆಯ ಮಡಿಲಲ್ಲಿಟ್ಟಳು.

ಚಿಕ್ಕಗಂಗಮ್ಮ ಮೊದಲು ನೋಡಿದ್ದು ಮಣಿಕಟ್ಟನ್ನು. “ಬಳೆ ಎಲ್ಲೇ?”

“ತೆಗೆಸಿದ್ರಕ್ಕ.”

“ಅಯ್ಯೋ ನಾ ತಲ್ಲೀ, ಗಂಡ ಇರೋವಾಗ್ಲೇ...” ಮುದುಕಿಯ ಮಾತು ಅಲ್ಲೇ ನಿಂತಿತು. ಮೊಣಕೈಯ ಹತ್ತಿರ ಹತ್ತಿಯ ಪಟ್ಟಿಗಳಿದ್ದವು, ಅವುಗಳ ಕೆಳಗೆ ನರ ಹಗ್ಗದಂತೆ ಉಬ್ಬಿತ್ತು.

“ಇಲ್ಲಿ ಮೆಲ್ಲಗೆ ಮುಟ್ಟಿ ನೋಡು.”

ಮುದುಕಿ ಬೆರಳಿಟ್ಟು ತಟ್ಟನೆ ತೆಗೆದಳು. ಮತ್ತೆ ಇಟ್ಟಳು. “ಇದೇನೇ ಇದು, ಒಳಗೆ ಜೇನು ಹೊಕ್ಕಂಗೆ ಗುಯ್ಯಂತೈತೆ?”

“ರಕ್ತ ಕಣಕ್ಕ. ಕಿಡ್ನಿ ಹೋಗೈತೆ. ವಾರಕ್ಕೆರಡು ಸಲ ಮಿಷನ್ನಲ್ಲಿ ತೊಳೀತಾರೆ. ತಡವಾದ್ರೆ ಪೂರ್ತಿ ತೊಳೆಯಲ್ಲ. ಅವತ್ತು ನೀನು ಬರೋ ಹೊತ್ತಿಗೆ ನಂಗೆ ಉಸಿರು ನಿಂತೋಗ್ತಿತ್ತು. ಬಾಗ್ಲು ಬಡಿದು ರೈಟ್ ಅಂದಿದ್ದು ನಾನು, ಅವ್ರಲ್ಲ. ಬೈಯೋದಿದ್ರೆ ನನ್ನ ಬೈ.”

ಚಿಕ್ಕಗಂಗಮ್ಮ ಬೈಯಲಿಲ್ಲ. ಆ ಕೈಯನ್ನು ಮಡಿಲಿನಿಂದ ಇಳಿಸಲೂ ಇಲ್ಲ. “ಶುಗರ್ ಅಂದಿದ್ದೆ.”

“ಹ್ಞೂಂ.”

“ಇನ್ನೆಷ್ಟು ದಿನ ಹಿಂಗೆ?”

“ಇರೋವರ್ಗೂ.”

ಒಂದು ಬಸ್ಸು ಬಂದು ನಿಂತು, ಇಬ್ಬರನ್ನು ಇಳಿಸಿ ಹೋಯಿತು. ಚಿಕ್ಕಗಂಗಮ್ಮ ಹತ್ತಲಿಲ್ಲ. ತನ್ನ ಕೈಯಾರೆ ಭಾರತಮ್ಮನ ಸೆರಗು ಎಳೆದು ಆ ಕೈ ಮುಚ್ಚಿದಳು. ಎದ್ದು, ಬುಟ್ಟಿ ಎತ್ತಿಕೊಂಡು, ಕಾರಿನ ಕಿಟಕಿಯಲ್ಲಿ ಬಗ್ಗಿದಳು.

“ಏನ್ಲಾ ಗಂಗುಲು, ಬಾಯಿ ಇರ್ಲಿಲ್ವಾ ನಿಂಗೆ? ಇಷ್ಟು ದಿನ ಅನ್ನಿಸ್ಕೊಂಡು ಓಡಾಡ್ದೆ?”

“ಅವಳು ಬೇಡ ಅಂದಿದ್ಲು.”

“ಬೆಳಿಗ್ಗೆ ನೀನು ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಕಲ್ಲು ತಗೊಂಡು ಹೊಡೀತೀನಿ. ಈಗ ಹತ್ತಬೋದಾ?”

“ಹತ್ತಕ್ಕ” ಎಂದ ಅವನು.

ಚಿಕ್ಕಗಂಗಮ್ಮನ ಬಾಯಿಗೆ ಬಿದ್ದ ಮೇಲೆ ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಮುಂದಿನ ಸೋಮವಾರ ಹುಣಸೆಮರದ ಗೇಟಿನಲ್ಲಿ ನಿಂತಿದ್ದವರು ಕೈ ಅಡ್ಡ ಹಾಕಲಿಲ್ಲ. ಕೆಂಪು ಕಾರು ಕಾಣುತ್ತಲೇ “ಹೋಗು ಹೋಗು” ಎಂದು ಕೈಯನ್ನು ಮುಂದಕ್ಕೆ ಬೀಸಿದರು. ಬೇರೆ ಗೇಟುಗಳಲ್ಲೂ ಹಾಗೇ ಆಯಿತು. ಮಧ್ಯಾಹ್ನ ವಾಪಸ್ಸು ಬರುವಾಗ ಹಿಂದಿನ ಸೀಟು ತುಂಬುತ್ತಿತ್ತು. ಆದರೆ ಮೊದಲಿನ ಗಲಾಟೆ ಇರಲಿಲ್ಲ. ಮುಂದೆ ಕಣ್ಣು ಮುಚ್ಚಿಕೊಂಡು ಒರಗಿರುವ ಭಾರತಮ್ಮನನ್ನು ನೋಡಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ಬೇಸಿಗೆಯಲ್ಲಿ ಬೀದಿಯ ಕೊನೆಯ ಮನೆಯಲ್ಲಿ ಮದುವೆ ಬಂತು. ಭಾರತಮ್ಮನನ್ನು ಮನೆಗೆ ಬಂದು ಕುಂಕುಮ ಇಟ್ಟು ಕರೆದರು. ಆಕೆ ರೇಷ್ಮೆ ಸೀರೆ ಉಟ್ಟು ಹೋದಳು. ಅರಿಶಿನ ಕುಟ್ಟುವ ಹೊತ್ತಿಗೆ ಒರಳಿನ ಹತ್ತಿರ ಹೋದಾಗ, ಮದುಮಗಳ ತಾಯಿ ಗಂಗಾಲಕ್ಷ್ಮಿ ಕುರ್ಚಿ ತಂದು ಹಾಕಿದಳು. “ನೀವು ಕೂತ್ಕೊಳಿ ಅಕ್ಕ, ಸುಸ್ತಾಗ್ತದೆ” ಎಂದಳು. ಮಾತು ಮೆದುವಾಗಿಯೇ ಇತ್ತು. ಮೊದಲ ಒನಕೆಯನ್ನು ಬೇರೊಬ್ಬಾಕೆ ಹಿಡಿದಳು. ಭಾರತಮ್ಮ ಕುರ್ಚಿಯಲ್ಲಿ ಕೂತು ಎಲ್ಲರೊಂದಿಗೆ ಪದ ಹೇಳಿದಳು, ಮದುಮಗಳ ತಲೆಯ ಮೇಲೆ ಅಕ್ಷತೆ ಹಾಕಿದಳು. ಅಲ್ಲಿನ ಊಟದ ಉಪ್ಪು ಆಕೆಗೆ ಆಗದು. ಗಂಡನಿಗೆ ಉಂಡು ಬನ್ನಿ ಎಂದು ಹೇಳಿ ಮನೆಗೆ ಬಂದಳು. ಅವನೂ ಉಣ್ಣದೆ ಹಿಂದೆಯೇ ಬಂದ.

“ಒನಕೆ ಕೊಡ್ಲಿಲ್ಲ ಅಂತ ಬೇಜಾರಾ?” ಎಂದು ಅಂಗಳದಲ್ಲಿ ಕೇಳಿದ.

ಭಾರತಮ್ಮ ಚಪ್ಪಲಿ ಬಿಟ್ಟಳು. “ಆಯ್ತು. ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ನಿಮ್ಮ ಹೊಟ್ಟೆಗೇನು ಮಾಡ್ತೀರಿ ಈಗ?”

“ಹಿಟ್ಟೈತಲ್ಲ.”

ಆಕೆ ಸೀರೆ ಬದಲಿಸಿ ಬರುವಷ್ಟರಲ್ಲಿ ಅವನು ಒಲೆಯ ಮೇಲೆ ಎಸರಿಟ್ಟಿದ್ದ. ಆಕೆಗೆ ಬೆಳಗಿನ ಅನ್ನವಿತ್ತು, ಮುದ್ದೆ ಅವನೊಬ್ಬನಿಗೆ. ಎಸರು ಮರಳಿದಾಗ ರಾಗಿಹಿಟ್ಟು ಸುರಿದ. ಕೋಲಿನಿಂದ ಪಾತ್ರೆಯ ಮಧ್ಯೆ ತೂತು ಮಾಡಿ, ಹಿಟ್ಟು ಬೇಯಲು ಬಿಟ್ಟ. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಬಟ್ಟೆಯಿಂದ ಒತ್ತಿ ಹಿಡಿದು ತಿರುವಲು ಶುರು ಮಾಡಿದ.

“ಗಂಟಾಗ್ತೈತೆ, ತಳದಿಂದ ಎತ್ತಿ” ಎಂದಳು ಭಾರತಮ್ಮ ಮಣೆಯ ಮೇಲೆ ಕೂತು.

ಅವನು ತಳದಿಂದ ಎತ್ತಿ, ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿದ. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಹಿಟ್ಟು ಹೊಳಪು ಬಂದು ಕೋಲಿನಿಂದ ಬಿಟ್ಟಿತು. ಭಾರತಮ್ಮ ತಟ್ಟೆಗೆ ನೀರು ಚಿಮುಕಿಸಿ, ಬಲಗೈಯನ್ನು ಒದ್ದೆ ಮಾಡಿಕೊಂಡು, ಹಬೆಯಾಡುವ ಹಿಟ್ಟನ್ನು ತಟ್ಟೆಗೆ ಎಳೆದು ಒಂದೇ ಕೈಯಲ್ಲಿ ಉರುಟುತ್ತ ಮುದ್ದೆ ಕಟ್ಟಿದಳು.